ಹಿತ್ತಲ ಮಣ್ಣಿನ ಅಂಕಪಟ್ಟಿ

ರಾತ್ರಿ ಹನ್ನೊಂದು ದಾಟಿದ ಮೇಲೆ ದೇವರ ಕೋಣೆಯಿಂದ ಟಕ್, ಟಕ್ ಎಂದು ಸಣ್ಣ ಸದ್ದು ಕೇಳಿತು. ನನಗೆ ನಿದ್ದೆ ಹೇಗೂ ಬಂದಿರಲಿಲ್ಲ. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡು ಸಲ, ಮಗಳು ಸರಿಯಾಗಿ ಉಸಿರಾಡುತ್ತಿದ್ದಾಳೆಯೇ ಎಂದು ಮೂರು ಸಲ ಎದ್ದು ನೋಡಿ ಬಂದಿದ್ದೆ. ಆರನೆಯ ಸಲ ಏಳಲು ನೆಪ ಸಿಕ್ಕಿತು.

ಬಾಗಿಲ ಸಂದಿಯಿಂದ ನೋಡಿದರೆ ನಮ್ಮತ್ತೆ ದ್ರಾಕ್ಷಾಯಣಮ್ಮ, ಏಲಕ್ಕಿ ಕುಟ್ಟುವ ಪುಟ್ಟ ಕುಟ್ಟಾಣಿಯಲ್ಲಿ ವಿಭೂತಿ ಗಟ್ಟಿ ಕುಟ್ಟುತ್ತಿದ್ದರು. ಒಂದಲ್ಲ, ಐದು. ನುಣ್ಣಗಾದ ಪುಡಿಯನ್ನು ಸೆರಗಿನಲ್ಲಿ ಹಿಡಿದು ಪಡಸಾಲೆಗೆ ಬಂದರು. ಅಲ್ಲಿ ಹಳೆಯ ಪೇಪರಿನ ಮೇಲೆ ಅರ್ಧ ಕೆಜಿ ಹಿತ್ತಲ ಮಣ್ಣು ಒಣಗುತ್ತಿತ್ತು. ಬೆಳಗ್ಗೆ ಅದು ಅರಸೀಕೆರೆಗೆ, ಮಣ್ಣು ಪರೀಕ್ಷೆಗೆ ಹೊರಡಬೇಕಿತ್ತು. ಅತ್ತೆ ಪುಡಿಯನ್ನೆಲ್ಲ ಅದರ ಮೇಲೆ ಉದುರಿಸಿ, ಹಿಟ್ಟಿಗೆ ಉಪ್ಪು ಬೆರೆಸುವ ಹಾಗೆ ಬೆರಳಾಡಿಸಿ, ಕೈ ಮುಗಿದು, "ಮರ್ಯಾದೆ ಉಳಿಸಪ್ಪಾ" ಎಂದರು. ಪರೀಕ್ಷೆಗೆ ಹೋಗುವ ಮೊಮ್ಮಗಳ ಹಣೆಗೆ ಮೂರು ಬೆರಳು ಎಳೆದು ಕಳಿಸುವವರು, ಮಣ್ಣಿಗೆ ಸ್ನಾನವನ್ನೇ ಮಾಡಿಸಿದ್ದರು.

ಮಣ್ಣು ಪರೀಕ್ಷೆಗೆ ಕೂರುವ ಸ್ಥಿತಿ ಬಂದದ್ದು ಹೀಗೆ.

ಬಾಣಾವರದ ನಮ್ಮ ಮನೆಯ ಹಿತ್ತಲು ಎಂದರೆ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಜಾಗ. ಅತ್ತೆಯ ಪ್ರಕಾರ ಅದು ಆಸ್ಪತ್ರೆ. ಅಲ್ಲಿ ಬೆಳೆಯುವ ದಂಟು, ಹರಿವೆ, ಬಸಳೆ, ನುಗ್ಗೆಸೊಪ್ಪು ತಿಂದವರ ಮನೆಯಲ್ಲಿ ರೋಗವೆಂಬುದು ಎಕ್ಸ್‌ಪ್ರೆಸ್ ರೈಲಿನಂತೆ, ನಿಲ್ಲದೆ ಹೋಗುತ್ತದೆ. ಬಂದವರಿಗೆಲ್ಲ ಒಂದು ಕಟ್ಟು ಸೊಪ್ಪು, ಅರ್ಧ ಗಂಟೆ ಭಾಷಣ ಉಚಿತ. ಅವರ ನಾದಿನಿ ಕಮಲಾಕ್ಷಮ್ಮನವರೂ ಹಳೇಬೀಡಿನಲ್ಲಿ ತರಕಾರಿ ಬೆಳೆಯುತ್ತಾರೆ. ಆದರೆ ಅದು ಅತ್ತೆಯ ಲೆಕ್ಕಕ್ಕಿಲ್ಲ.

"ಕೆರೆಗೋಡು, ಆ ಹೂಳು ಮಣ್ಣು, ತಂದು ಸುರುದ್ರೆ ಯಾರು ಬೇಕಾದ್ರೂ ಬೆಳೀತಾರೆ ಕಣೇ. ನಮ್ದು ಹುಟ್ಟಿನಿಂದ್ಲೇ ಒಳ್ಳೇ ಮಣ್ಣು."

ಹೀಗಿರುವಾಗ, ಒಂಬತ್ತನೆಯ ತರಗತಿಯ ನನ್ನ ಮಗಳು ಅಕ್ಷತಾಳ ಹಿಮೋಗ್ಲೋಬಿನ್ ಎಂಟು ಪಾಯಿಂಟ್ ನಾಲ್ಕು ಎಂದು ಬಂತು. ಹನ್ನೆರಡಾದರೂ ಇರಬೇಕಿತ್ತು. ಶಾಲೆಯ ಮೆಟ್ಟಿಲು ಹತ್ತಿದರೆ ಅಲ್ಲೇ ಕೂತುಬಿಡುತ್ತಿದ್ದಳು. ಓದುತ್ತಾ ಓದುತ್ತಾ ಪುಸ್ತಕದ ಮೇಲೆ ಮಲಗುತ್ತಿದ್ದಳು. ಅರಸೀಕೆರೆಯ ಡಾಕ್ಟರು ಮೂರು ತಿಂಗಳಿಗೆ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟು, ಹಾರಿಹೋಗದಿರಲೆಂದು ಅದರ ಮೇಲೆ ಒಂದು ಕುಂಬಳಕಾಯಿ ಇಟ್ಟರು.

"ಹಿತ್ಲಲ್ಲಿ ಬೇಕಾದಷ್ಟು ಕಬ್ಬಿಣ ಬಿದ್ದೈತೆ. ಮಗೀಗೆ ಮಾತ್ರೆ ನುಂಗ್ಸಿ ಹೊಟ್ಟೆ ಸುಟ್ಟೀಯಾ?"

"ನಿಮ್ಮ ಸೊಪ್ಪು ತಿಂದೂ ಎಂಟೇ ಬಂದಿದೆಯಲ್ಲ ಅತ್ತೆ?"

"ತಿಂದಿದ್ದಕ್ಕೆ ಎಂಟು ಕಣೇ. ತಿನ್ನದೇ ಇದ್ದಿದ್ರೆ ನಾಲ್ಕಿರ್ತಿತ್ತು."

ಬಿ.ಎಸ್ಸಿ. ಓದಿದ ನಾನು ನ್ಯಾಯಕ್ಕಾಗಿ ಗಂಡನ ಕಡೆ ತಿರುಗಿದೆ. ನನ್ನ ಗಂಡ ಶರತ್ಚಂದ್ರ ಕೊಬ್ಬರಿ ವ್ಯಾಪಾರಸ್ಥರು. ದಿನವೆಲ್ಲ ತಕ್ಕಡಿಯ ಮುಳ್ಳು ನೋಡಿ ನೋಡಿ, ಅದರ ಹಾಗೆಯೇ ನಡುವೆ ನಿಲ್ಲುವುದನ್ನು ಕಲಿತಿದ್ದಾರೆ. "ಅಮ್ಮ ಹೇಳೋದ್ರಲ್ಲೂ ಅರ್ಥ ಐತೆ, ನೀನು ಹೇಳೋದ್ರಲ್ಲೂ ಐತೆ" ಎಂದು ಪೇಟೆಗೆ ಹೊರಟರು. ಒಂದು ದಿನ ಕದ್ದು ಮಾತ್ರೆ ಕೊಟ್ಟೆ. "ಅಜ್ಜೀ, ಅಮ್ಮ ಕೆಂಪು ಮಾತ್ರೆ ಕೊಟ್ಲು" ಎಂದು ಮಗಳು ಸಂಜೆಯೊಳಗೆ ವರದಿ ಒಪ್ಪಿಸಿದಳು. ಮಾತ್ರೆಗಳು ತಿಪ್ಪೆ ಸೇರಿದವು.

ಆಗ ಮನೆಗೆ ಬಂದವನು ಇಂದ್ರೇಶ್. ಅರಸೀಕೆರೆಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸ, ನಮ್ಮವರಿಗೆ ಪರಿಚಯ. ಸೊಪ್ಪಿನ ಕಟ್ಟು ಹಿಡಿದು, ಭಾಷಣ ಕೇಳಿ, ಪಾಪ, ನಡುವೆ ಬಾಯಿ ಹಾಕಿದ.

"ಬರೀ ಬಾಯಲ್ಲಿ ಹೇಳೋದ್ಯಾಕೆ ಅಮ್ಮೋರೇ? ಮಣ್ಣು ಕೊಡಿ. ಕಬ್ಬಿಣ ಐತೋ ಇಲ್ವೋ ಕಾರ್ಡಲ್ಲೇ ಬರ್ಕೊಡ್ತೀವಿ."

"ಬರ್ಕೊಡಪ್ಪ! ಕಮ್ಮಿ ಅಂತ ಬಂದ್ರೆ ಇವ್ಳು ಮಗೀಗೆ ಮಾತ್ರೆ ನುಂಗಿಸ್ಲಿ, ನಾನು ತುಟಿ ಬಿಚ್ಚಲ್ಲ. ಚೆನ್ನಾಗೈತೆ ಅಂತ ಬಂದ್ರೆ ಆ ಡಾಕ್ಟ್ರ ಚೀಟಿ ಒಲೆಗೆ."

ಮಣ್ಣು ತೆಗೆಯುವ ಕ್ರಮವನ್ನು ಅವನೇ ಹೇಳಿದ. ಐದು ಕಡೆ ಅರ್ಧ ಅಡಿ ಅಗೆದು, ಬೆರೆಸಿ, ನೆರಳಲ್ಲಿ ಒಣಗಿಸಬೇಕು. ತಿಪ್ಪೆ ಪಕ್ಕದ್ದು ಬೇಡ, ಬೂದಿ ಬಿದ್ದ ಜಾಗದ್ದಂತೂ ಬೇಡವೇ ಬೇಡ. ಅತ್ತೆ ತಲೆಯಾಡಿಸಿದರು. ಮೋಸ ಮಾಡುವವರಲ್ಲ ಅವರು. ಅವರ ಮಟ್ಟಿಗೆ ಬೂದಿ ಒಲೆಯಲ್ಲಿರುತ್ತದೆ, ವಿಭೂತಿ ದೇವರ ಕೋಣೆಯಲ್ಲಿರುತ್ತದೆ. ಮಠದಿಂದ ಬಂದ ವಿಭೂತಿಯನ್ನು ಬೂದಿ ಎಂದವನ ಬಾಯಲ್ಲಿ ಹುಳ ಬೀಳುತ್ತದೆ.

ಆ ರಾತ್ರಿ ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಕಾಲೇಜಿನ ರಸಾಯನಶಾಸ್ತ್ರ ಚೆನ್ನಾಗಿ ನೆನಪಿತ್ತು. ಬೂದಿ ಕ್ಷಾರ. ಮಣ್ಣಿನಲ್ಲಿ ಕ್ಷಾರ ಹೆಚ್ಚಿದರೆ ಕಬ್ಬಿಣ ಇದ್ದರೂ ಬೇರಿಗೆ ದಕ್ಕದು. ಪರೀಕ್ಷೆಯಲ್ಲೂ ಕಡಿಮೆ ಎಂದೇ ಕಾಣುತ್ತದೆ. ಅತ್ತೆ ತಮ್ಮ ಕೈಯಾರೆ ತಮ್ಮ ಮಣ್ಣನ್ನು ಫೇಲು ಮಾಡಿದ್ದರು. ಹೇಳಬೇಕಿತ್ತು. ಆದರೆ ನಾನು ತೂಗಿ ಮಾತಾಡುವವಳು. ಅತ್ತೆಗೆ ನೋವಾಗದಂಥ ಮಾತು ಹುಡುಕುತ್ತಾ ರಾತ್ರಿಯೆಲ್ಲ ಕಳೆದೆ. ಸರಿಯಾದ ಮಾತು ಸಿಕ್ಕಿದ್ದು ಬೆಳಗ್ಗೆ ಎಂಟೂವರೆಗೆ. ಮಣ್ಣಿನ ಚೀಲ ಹಿಡಿದು ನಮ್ಮವರು ಹೊರಟದ್ದು ಎಂಟು ಇಪ್ಪತ್ತರ ಬಸ್ಸಿಗೆ.

ಹದಿನೈದು ದಿನಕ್ಕೆ ಇಂದ್ರೇಶನೇ ಕಾರ್ಡು ತಂದ. ಅತ್ತೆ ಒಗೆದ ಸೀರೆ ಉಟ್ಟು ಕೂತಿದ್ದರು.

"ರಸಸಾರ, ಪಿ.ಎಚ್. ಅಂತಾರಲ್ಲ ಅದು, ಏಳಿರ್ಬೇಕಾದ್ದು ಒಂಬತ್ತರ ಹತ್ರ ಹೋಗೈತೆ ಅಮ್ಮೋರೇ. ಪೊಟ್ಯಾಷ್ ವಿಪರೀತ. ಕಬ್ಬಿಣ ಕಮ್ಮಿ, ಸತು ಕಮ್ಮಿ."

ಅತ್ತೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅವೆರಡು ಜಾಸ್ತಿ ಬಂದೈತಲ್ಲಪ್ಪಾ, ಅದ್ರಾಗೆ ಮುರ್ದು ಇದಕ್ಕೆ ಹಾಕ್ಕೊಳ್ಳಕ್ಕೆ ಆಗಲ್ವಾ?" ಎಂದರು.

"ಹಂಗೆಲ್ಲ ಬರಲ್ಲ ಅಮ್ಮೋರೇ. ಬೂದಿ ಗೀದಿ ಹಾಕಿದ್ರಾ?"

"ಶಿವಶಿವಾ! ನನ್ನ ಹಿತ್ಲಿಗೆ ಒಂದು ಚಿಟಿಕೆ ಬೂದಿ ಬಿದ್ದಿದ್ರೆ ಕೇಳು. ಹೇಳೇ ಹೇಮಾ!"

"ಹಿತ್ತಲಿಗೆ ಹಾಕಿಲ್ಲ" ಎಂದೆ. ಪದಗಳ ವಿಷಯದಲ್ಲಿ ನಾನು ಬಹಳ ಎಚ್ಚರ.

ಅತ್ತೆ ಮಾತಿಗೆ ತಪ್ಪುವವರಲ್ಲ. ಎದ್ದು ಹೋಗಿ ಕುಂಬಳಕಾಯಿ ಎತ್ತಿ, ಚೀಟಿ ತೆಗೆದು ನನ್ನ ಕೈಗಿಟ್ಟರು. ಅಕ್ಷತಾ ಅಂದಿನಿಂದ ಮಾತ್ರೆ ನುಂಗತೊಡಗಿದಳು, ಅಜ್ಜಿಯ ಎದುರಿನಲ್ಲೇ.

ಅತ್ತೆ ಮಾತ್ರ ಹಿತ್ತಲ ಕಡೆ ಹೋಗುವುದನ್ನು ಕಡಿಮೆ ಮಾಡಿದರು. ಬಂದವರಿಗೆ ಸೊಪ್ಪೂ ಇಲ್ಲ, ಭಾಷಣವೂ ಇಲ್ಲ. ಭಾಷಣ ನಿಂತರೆ ಸಾಕೆಂದು ಹದಿನಾರು ವರ್ಷ ಹರಕೆ ಹೊತ್ತವಳು ನಾನು. ನಿಂತ ಮೇಲೆ ಮನೆಯೊಳಗೆ ಗಡಿಯಾರದ ಸದ್ದು ಜೋರಾಯಿತು. ಹಳೇಬೀಡಿನಿಂದ ಕಮಲಾಕ್ಷಮ್ಮನವರ ಫೋನು ಬಂತು.

"ಏನತ್ತಿಗೆ, ನಿಮ್ಮ ಮಣ್ಣು ಫೇಲಂತೆ? ಎರಡು ಟ್ರ್ಯಾಕ್ಟರ್ ಕೆರೆಗೋಡು ಕಳಿಸ್ಲಾ?"

ಅತ್ತೆ ಬಿಸಿ ಪಾತ್ರೆಯನ್ನು ಇಳಿಸುವ ಹಾಗೆ ಫೋನನ್ನು ನೆಲಕ್ಕಿಟ್ಟರು. ಅದು ಅಲ್ಲೇ ಮಾತಾಡುತ್ತಿತ್ತು.

ಒಂದು ಮಧ್ಯಾಹ್ನ ಅದೇ ಐದು ಕಡೆ ನಾನೇ ಅಗೆದು, ಏನನ್ನೂ ಬೆರೆಸದೆ ಒಣಗಿಸಿ, ಅಕ್ಷತಾಳ ಹಳೆಯ ಟಿಫಿನ್ ಚೀಲದಲ್ಲಿ ತುಂಬಿ ಇಂದ್ರೇಶನಿಗೆ ಕೊಟ್ಟೆ. "ಪರಿಚಯದವರದು" ಎಂದೆ. ನಮ್ಮ ಮಣ್ಣಿಗೂ ನನಗೂ ಪರಿಚಯವಿರುವುದು ನಿಜವೇ.

ಮಾತ್ರೆ ಶುರುವಾಗಿ ಮೂರು ತಿಂಗಳು ತುಂಬಿದ ದಿನ ಮಗಳ ರಕ್ತ ಪರೀಕ್ಷೆಗೆ ಹೋದಾಗ, ಅವಳನ್ನು ಆಸ್ಪತ್ರೆಯಲ್ಲೇ ಕೂರಿಸಿ ಹೋಗಿ ಆ ಕಾರ್ಡನ್ನೂ ತೆಗೆದುಕೊಂಡೆ. ರಸಸಾರ ಏಳು. ಕಬ್ಬಿಣ ಸಾಕಷ್ಟು, ಸತು ಸಾಕಷ್ಟು, ಸಾವಯವ ಇಂಗಾಲ ಹೆಚ್ಚು. "ಯಾರದಕ್ಕಾ ಇದು? ಚಿನ್ನದಂಥ ಮಣ್ಣು!" ಎಂದ ಇಂದ್ರೇಶ್.

ಅಕ್ಷತಾಳದು ಹನ್ನೊಂದು ಪಾಯಿಂಟ್ ಆರು. ಅವಳನ್ನು ಹೊರಗೆ ಕಳಿಸಿ, ಅಷ್ಟು ಒಳ್ಳೆಯ ಮಣ್ಣಿನ ಸೊಪ್ಪು ತಿಂದರೂ ರಕ್ತ ಯಾಕೆ ಇಳಿದಿತ್ತು ಎಂದು ಡಾಕ್ಟರನ್ನು ಕೇಳಿದೆ.

"ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದೇ ಸ್ವಲ್ಪ. ಮೈನೆರೆದ ಹುಡುಗೀರಿಗೆ ಬೇಕಾಗೋದು ಜಾಸ್ತಿ. ಊಟ ಆದ್ಮೇಲೆ ಟೀ ಕುಡೀತೀರಾ?"

ನಮ್ಮ ಮನೆಯಲ್ಲಿ ಕೈ ತೊಳೆದ ನೀರು ಆರುವ ಮೊದಲು ಟೀ ಲೋಟ ಬರುತ್ತದೆ. ಮಾಡುವವಳು ನಾನೇ.

"ಅದು ಇದ್ದ ಸ್ವಲ್ಪವನ್ನೂ ಹತ್ತಕ್ಕೆ ಬಿಡಲ್ಲ" ಎಂದರು ಡಾಕ್ಟರು.

ಅಂದರೆ ಮಣ್ಣು ನಿರಪರಾಧಿ. ಇವತ್ತು ಎಲ್ಲವನ್ನೂ ಹೇಳಿಬಿಡುವುದೆಂದು, ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡೇ ಬಂದೆ.

ಅತ್ತೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ದಂಟು ಬಾಡಿತ್ತು.

"ಎಷ್ಟು ಬಂತೇ?"

"ಹನ್ನೊಂದು ಪಾಯಿಂಟ್ ಆರು ಅತ್ತೆ."

"ಹಂಗಾದ್ರೆ ಮಾತ್ರೇಲೇ ಕಬ್ಬಿಣ ಐತೆ, ಬಿಡು." ಸುತ್ತ ನೋಡಿ, ದನಿ ತಗ್ಗಿಸಿದರು. "ನಲವತ್ತು ವರ್ಷದಿಂದ ನಾನೂ ಇದೇ ಸೊಪ್ಪು ತಾನೇ ತಿಂದಿರೋದು? ಬಗ್ಗಿ ಎದ್ರೆ ಕಣ್ಣು ಕತ್ತಲೆ ಬತ್ತೈತೆ ಕಣೇ. ಎರಡು ವರ್ಷ ಆಯ್ತು. ಇಷ್ಟೆಲ್ಲ ಭಾಷಣ ಮಾಡಿ, ಯಾವ ಬಾಯಲ್ಲಿ ಹೇಳ್ಲಿ? ನಾನೂ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಳ್ಳಾನಾ?"

ನನ್ನ ಕೈ ಬ್ಯಾಗಿನೊಳಗೆ ಕಾರ್ಡಿನ ಮೇಲಿತ್ತು. ಅದನ್ನು ಹೊರತೆಗೆದರೆ ಅತ್ತೆಯ ಮಣ್ಣು ಗೆಲ್ಲುತ್ತದೆ. ಗೆದ್ದ ಮಣ್ಣಿನ ಒಡತಿ ನಾಳೆ ಬಸ್ಸು ಹತ್ತುವುದಿಲ್ಲ.

"ಬೆಳಗ್ಗೆ ಎಂಟು ಇಪ್ಪತ್ತರ ಬಸ್ಸಿಗೆ ಹೋಗೋಣ" ಎಂದೆ.

"ಕಮಲಾಕ್ಷಿಗೆ ಗೊತ್ತಾಗಬಾರ್ದು."

"ಗೊತ್ತಾಗಲ್ಲ. ಇನ್ಮೇಲೆ ಊಟ ಆದ ತಕ್ಷಣ ಟೀನೂ ಇಲ್ಲ."

"ಅದ್ಯಾಕೇ?"

"ಡಾಕ್ಟರು ಹೇಳಿದ್ದಾರೆ."

ಒಳಗೆ ಹೋಗಿ ಕಾರ್ಡನ್ನು ನನ್ನ ಬಿ.ಎಸ್ಸಿ. ಅಂಕಪಟ್ಟಿಯ ಫೈಲಿನಲ್ಲಿಟ್ಟೆ. ಆ ಫೈಲನ್ನು ಹದಿನಾರು ವರ್ಷದಿಂದ ಈ ಮನೆಯಲ್ಲಿ ಯಾರೂ ತೆರೆದಿಲ್ಲ. ಅದಕ್ಕಿಂತ ಭದ್ರವಾದ ಜಾಗ ಬಾಣಾವರದಲ್ಲೇ ಇಲ್ಲ. ಅತ್ತೆಗೆ, ನಮ್ಮವರಿಗೆ, ವರದಿಗಾರ್ತಿ ಮಗಳಿಗಂತೂ ಖಂಡಿತ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ತೀರ್ಮಾನಿಸಿ, ಕೊಡ ಎತ್ತಿಕೊಂಡು ದಂಟಿಗೆ ನೀರು ಹಾಕಲು ಹೋದೆ.