ಜ್ವರದ ಎಷ್ಟನೇ ದಿನ?

೧.
ಹೇಗೆ ಶುರು ಮಾಡಲಿ? ಸತ್ಯದಿಂದಲೇ ಮಾಡೋಣ. ಇಡೀ ಇಲೊಯಿಲೊ ಊರಿನಲ್ಲಿ ಹಾರುವ ಸೊಳ್ಳೆಯನ್ನು ಎರಡು ಬೆರಳಲ್ಲಿ ಹಿಡಿದು, ಅದರ ಹೊಟ್ಟೆಯಲ್ಲಿರುವುದು ಯಾರ ಮನೆಯ ರಕ್ತ, ಅವರಿಗೆ ಡೆಂಗಿ ಉಂಟೋ ಇಲ್ಲವೋ ಎಂದು ಬರೀ ವಾಸನೆಯಿಂದ ಹೇಳಬಲ್ಲವನು ನಾನೊಬ್ಬನೇ. (ನಂಬುವುದಿಲ್ಲವೇ? ಇಪ್ಪತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಬನ್ನಿ, ಆಮೇಲೆ ಮಾತಾಡೋಣ.)

೨.
ಬೇಡ, ಹೊಡೆದುಹಾಕಿ. ಇದು ಸಿಟ್ಟಿನ ಕಥೆ, ಸಿಟ್ಟಿನಿಂದಲೇ ಶುರುವಾಗಲಿ.

ಡೆಂಗಿ ಪರೀಕ್ಷೆಯ ಚೀಟಿಯಲ್ಲಿ 'ಜ್ವರದ ಎಷ್ಟನೇ ದಿನ?' ಎಂಬ ಪುಟ್ಟ ಚೌಕವಿದೆ. ಮೊದಲ ನಾಲ್ಕೈದು ದಿನ ವೈರಸ್ಸಿನ ತುಣುಕನ್ನೇ ರಕ್ತದಲ್ಲಿ ಹಿಡಿಯಬಹುದು. ಆ ಪರೀಕ್ಷೆಯ ಹೆಸರು ಎನ್‌ಎಸ್‌೧. ಆಮೇಲೆ ಕಳ್ಳ ಜಾರಿಕೊಳ್ಳುತ್ತಾನೆ. ಆಗ ಅವನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಐಜಿಎಂ ಅನ್ನು ಹುಡುಕಬೇಕು. ದಿನ ತಪ್ಪಿತೋ, ಪರೀಕ್ಷೆಯೂ ತಪ್ಪಿತು. ಆದರೆ ಆ ಚೌಕವನ್ನು ಯಾರು ತುಂಬುತ್ತಾರೆ? ಡಾಕ್ಟರಿಗೆ ಪುರುಸೊತ್ತಿಲ್ಲ. ನರ್ಸಿಗೆ ಪೆನ್ನಿಲ್ಲ. ಹತ್ತು ಲಕ್ಷ ಖಾಲಿ ಚೌಕ ನೋಡಿದ್ದೇನೆ ನಾನು! (ಸರಿ, ಒಂಬತ್ತು ಲಕ್ಷ.)

ಮೆರ್ಲಿಂಡಾ ಎಂಬಾಕೆ, ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವವಳು, ಎಂಟು ವರ್ಷದ ಮಗಳು ಜೆನಲಿನ್‌ಳನ್ನು ಹೊತ್ತು ತಂದಳು. ಚೌಕ ಖಾಲಿ. ಎನ್‌ಎಸ್‌೧ ಮಾಡಿದೆ; ಡೆಂಗಿ ಇಲ್ಲ ಎಂದು ಬಂತು. ಡಾಕ್ಟರು ಮನೆಗೆ ಕಳಿಸಿದರು. ಮರುದಿನ ಜ್ವರ ಇಳಿಯಿತು, ಕೈಕಾಲು ತಣ್ಣಗಾದವು; ಡೆಂಗಿಯಲ್ಲಿ ಅದೇ ಅಪಾಯದ ಹೊತ್ತು. ಈಗ ಮಗು ಮೇಲಿನ ವಾರ್ಡಿನಲ್ಲಿ, ಡ್ರಿಪ್ಪಿನಲ್ಲಿ.

೩.
ಅಂತ್ಯ ಒಂದು: ಜೆನಲಿನ್ ಎದ್ದು ಕೂತು ಕೋಳಿ ಗಂಜಿ ಕೇಳುತ್ತಾಳೆ.
ಅಂತ್ಯ ಎರಡು: (ಬರೆಯಲಾರೆ.)
ಅಂತ್ಯ ಮೂರು: ಚೌಕ ಖಾಲಿ ಬಿಟ್ಟ ಡಾಕ್ಟರನ್ನು ಊರವರೆಲ್ಲ ಸೇರಿ...

"ಏನ್ ಸಾರ್, ಚೌಕ ಖಾಲಿ ಇತ್ತಾ?"

"ನೀವು ನನ್ನ ಕಥೆಯ ಪಾತ್ರ ಮೆರ್ಲಿಂಡಕ್ಕಾ. ನಡುವೆ ಬಾಯಿ ಹಾಕಬಾರದು."

"ಪಾತ್ರ ಅಂತೆ! ದಿನವಿಡೀ ಟಿಕೆಟ್ ಮೇಲೆ ತಾರೀಕು ನೋಡೋಳು ನಾನು. ಆ ಚೌಕದಲ್ಲಿ ಎರಡು ಅಂತ ಇತ್ತು. ಕೈಬರಹ ಯಾರದ್ದು?"

"ನೀವೇ ಹೇಳಿದ್ರಲ್ಲ, ನಿನ್ನೆಯಿಂದ ಜ್ವರ ಅಂತ!"

"ಹೂಂ, ಹೇಳಿದೆ. ನನ್ನ ಮುಂದಿದ್ದ ಅಜ್ಜಿ, ತವಾ-ತವಾ ಸೊಪ್ಪಿನ ಕಷಾಯ ಕುಡಿಸ್ತಾ ನಾಲ್ಕು ದಿನ ಕಾದ್ವಿ ಅಂದಾಗ ನೀವೇನಂದ್ರಿ? 'ಸೊಪ್ಪು ಹಾಕೋಕೆ ಮೊಮ್ಮಗ ಏನು ಮೇಕೇನಾ?' ಸಾಲಲ್ಲಿದ್ದೋರೆಲ್ಲ ಹಲ್ಲು ಕಿಸಿದ್ರು. ಆಮೇಲೆ ನಾನು ಆರು ದಿನ ಅಂತ ಬಾಯಿ ಬಿಡ್ತೀನಾ?"

೪.
ಕೈಬರಹ ನನ್ನದು.

ಅಂದು ಮೆರ್ಲಿಂಡಾಳ ಚೀಲದಲ್ಲಿ ಫ್ಲಾಸ್ಕ್ ಇತ್ತು, ಮಗುವಿನ ಅಂಗಿಯ ಮೇಲೆ ಹಸಿರು ಕಲೆ. ನಮ್ಮ ಓಣಿಗಳಲ್ಲಿ ಕಷಾಯ ಕುಡಿಸಿ ನಾಲ್ಕು ದಿನ ನೋಡದೆ ಯಾರೂ ಆಸ್ಪತ್ರೆಯ ಮೆಟ್ಟಿಲು ತುಳಿಯುವುದಿಲ್ಲ. ನನ್ನ ಮಗನಿಗೂ ಕುಡಿಸಿದ್ದೇನೆ. ಇನ್ನೊಮ್ಮೆ ಕೇಳಿದ್ದರೆ ಸಾಕಿತ್ತು. ಊಟದ ಹೊತ್ತಾಗಿತ್ತು. ಎರಡು ಎಂದು ಬರೆದೆ. ವಾಸನೆಯಿಂದಲೇ ಹೇಳುತ್ತೇನೆ ಎಂದು ಕೊಚ್ಚಿಕೊಂಡೆನಲ್ಲ, ಅಂದು ನನ್ನ ಮೂಗಿಗೆ ಬಂದದ್ದು ಆ ಕಷಾಯದ ವಾಸನೆ. ಬಂದಿತ್ತು.

ಇಂದು ಐಜಿಎಂ ಮಾಡಿದೆ. ಡೆಂಗಿಯೇ. ಹಳೆಯ ಚೀಟಿಯಲ್ಲಿ ಎರಡಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಆರು ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದೇನೆ.

ಅಂತ್ಯ ಕೇಳಬೇಡಿ. ಮಗು ಇನ್ನೂ ಕಣ್ಣು ಬಿಟ್ಟಿಲ್ಲ. ಮೆರ್ಲಿಂಡಾ ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಳೆ, ನಾನು ಚೀಟಿ ಹಿಡಿದು ಮೆಟ್ಟಿಲ ಕೆಳಗೆ.