ಬತ್ತಿದ ಬೋರಿಗೆ ಮಾಡಿದ ಪೂಜೆ

ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ಹೊಳೆನರಸೀಪುರದ ಸಂತೆಯಲ್ಲಿ ನನ್ನನ್ನು ಕಂಡರೆ ತರಕಾರಿಯವರು ತಕ್ಕಡಿ ಸರಿಮಾಡಿಕೊಳ್ಳುತ್ತಾರೆ. ಆದ್ದರಿಂದ ಬಣ್ಣದ ಫ್ಯಾಕ್ಟರಿಯ ಗೇಟಿನ ಮುಂದೆ ಮೊದಲು ಕೂಗಿದವಳು ಈ ಸುಬ್ಬಮ್ಮನೇ ಎಂದಾಗ ಊರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಕೂಗದೆ ಇನ್ನೇನು ಮಾಡಲಿ? ನಮ್ಮ ಹೊಲದ ಕೆಲಸಕ್ಕೆ ಬರುವ ಪಾಪಯ್ಯನ ಮೊಮ್ಮಗಳು ದಿವ್ಯಾ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಳು. ಎರಡನೇ ಕ್ಲಾಸಿನ ಮಗು, ಮೈಯೆಲ್ಲ ಊದಿಕೊಂಡಿತ್ತು. ಕುಡಿದ ನೀರೇ ಕಿಡ್ನಿ ಕೆಡಿಸಿದೆ ಎಂದರಂತೆ ಡಾಕ್ಟರು. ಅವರ ಕಾಲೊನಿಯ ಬೋರಿನ ನೀರು ಯುಗಾದಿಯಿಂದಲೇ ತಿಳಿನೀಲಿಗೆ ತಿರುಗಿ ಘಾಟು ಹೊಡೆಯುತ್ತಿತ್ತು. ಮೇಲುಕೇರಿಯ ನಮಗೆ ನಲ್ಲಿಯಲ್ಲಿ ಹೇಮಾವತಿ ನೀರು ಬರುತ್ತದೆ, ತಗ್ಗಿನ ಕಾಲೊನಿಗೆ ಆ ಪೈಪು ಇನ್ನೂ ಇಳಿದಿಲ್ಲ. ಅವರು ಸೋಸಿ ಕಾಯಿಸಿ ಅದನ್ನೇ ಕುಡಿದರು.

ಫ್ಯಾಕ್ಟರಿಯವರದು ಒಂದೇ ಮಾತು: ನಮ್ಮ ನೀರನ್ನು ನಾವೇ ಶುದ್ಧಮಾಡಿ ಬಳಸುತ್ತೇವೆ, ಒಂದು ಹನಿಯೂ ಹೊರಗೆ ಬಿಡುವುದಿಲ್ಲ, ಬಿಟ್ಟಿದ್ದರೆ ಎಲ್ಲಿ ಎಂದು ತೋರಿಸಿ. ತೋರಿಸಲು ನಮ್ಮ ಹತ್ತಿರ ಏನಿತ್ತು? ಕಡೆಗೆ ಪಾಪಯ್ಯನ ಮಗ ಅಶೋಕ, ಅದೇ ದಿವ್ಯಾಳ ಅಪ್ಪ, ಫ್ಯಾಕ್ಟರಿಯ ಹಿಂಬದಿಯ ಪೊದೆಯಲ್ಲಿ ನೆಲದೊಳಗೆ ಇಳಿದಿದ್ದ ಒಂದು ದಪ್ಪ ಪೈಪು ಪತ್ತೆಮಾಡಿದ. ನಾನು ಮಾಲಿನ್ಯದ ಆಫೀಸಿಗೆ ಅಲೆದು ಸಾಹೇಬರನ್ನು ಕರೆತಂದೆ. ಜೆಸಿಬಿಯೂ ಬಂತು. ಪೈಪು ಹಳ್ಳಕ್ಕೆ ಹೋಗಿರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅದರ ಜಾಡು ಹಿಡಿದು ಅಗೆಯಲು ಶುರುಮಾಡುವ ಮುಂಚೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಊರಿನೆದುರು ಹೇಳಿದೆ.

"ಈ ಪೈಪಿನ ತುದೀಲಿ ಯಾವನವ್ನೋ, ಅವನ ಕೊಳ್ಪಟ್ಟಿ ಇಡ್ದು ನಾನೇ ಟೇಸನ್ಗೆ ಎಳ್ಕೊಂಡೋಯ್ತೀನಿ."

ನನ್ನ ಗಂಡ ಕಾಂತರಾಜು ಬೆಳಿಗ್ಗೆಯಿಂದ ತಲೆನೋವು ಎನ್ನುತ್ತಿದ್ದರು. ನೀನೂ ಹೋಗಬೇಡ, ಇದೆಲ್ಲ ಗಂಡಸರ ಕೆಲಸ ಎಂದಿದ್ದರು. ಹಾಗಾದರೆ ಬನ್ನಿ ಗಂಡಸರೇ ಎಂದು ಛೇಡಿಸಿ ಹೊರಡಿಸಿಕೊಂಡು ಬಂದಿದ್ದೆ. ಜನರ ಹಿಂದೆ ನಿಂತು ಬೀಡಿಯ ಮೇಲೆ ಬೀಡಿ ಹಚ್ಚುತ್ತಿದ್ದರು.

ಹೊಂಗೆಮರದವರೆಗೆ ಪೈಪು ಹಳ್ಳದ ಕಡೆಗೇ ಇತ್ತು. ಅಲ್ಲಿ ಎಡಕ್ಕೆ ತಿರುಗಿತು. ಎಡಕ್ಕಿರುವುದು ನಮ್ಮ ಹೊಲ.

ಜೆಸಿಬಿ ನಮ್ಮ ಬದು ಒಡೆದು, ಮೂಲೆಯಲ್ಲಿದ್ದ ಬತ್ತಿದ ಬೋರಿನ ಹತ್ತಿರ ನಿಂತಿತು. ಬೋರಿನ ಬಾಯಿಯ ಕೇಸಿಂಗ್ ಪೈಪಿನ ಮೇಲೆ ಅರಿಶಿನ ಕುಂಕುಮ ಮಾಸಿಕೊಂಡು ಕೂತಿತ್ತು. ಹಚ್ಚಿದ್ದು ನಾನೇ. ಎರಡು ವರ್ಷದ ಹಿಂದೆ ಫ್ಯಾಕ್ಟರಿಯ ಮ್ಯಾನೇಜರು ಮನೆಗೆ ಬಂದು, ನಮ್ಮ ಚಾವಣಿಯ ಮಳೆನೀರನ್ನು ನಿಮ್ಮ ಸತ್ತ ಬೋರಿಗೆ ತುಂಬಿಸುತ್ತೇವೆ, ಸುತ್ತಲಿನ ಬೋರೆಲ್ಲ ಜೀವ ಪಡೆಯುತ್ತವೆ ಎಂದಿದ್ದ. ನಮ್ಮ ಮಗ ಕುಮಾರನಿಗೆ ಅಲ್ಲೇ ಕೆಲಸವನ್ನೂ ಕೊಟ್ಟ. ಮಳೆನೀರಿನ ಪೈಪು ಫ್ಯಾಕ್ಟರಿಯ ಮುಂಬದಿಯಿಂದ ಬಂದಿದೆ ಎಂದೇ ನಾನು ತಿಳಿದಿದ್ದೆ, ಹೂಳುವುದನ್ನು ಕಂಡವಳಲ್ಲ. ಎಲ್ಲರ ಬೋರಲ್ಲೂ ಉಕ್ಕು ತಾಯಿ ಎಂದು ಗಂಗಮ್ಮನಿಗೆ ಕೈಮುಗಿದು ಕಾಯಿ ಒಡೆದಿದ್ದೆ. ಚರುಪು ಹಂಚುವಾಗ ದಿವ್ಯಾ ಇನ್ನೊಂದು ಚೂರು ಕೊಬ್ಬರಿ ಕೇಳಿ ಇಸಿದುಕೊಂಡಿದ್ದಳು.

ಅಶೋಕ ಜಾಯಿಂಟು ಬಿಚ್ಚಿದ. ಕಡುನೀಲಿ ನೀರು ಬುಸ್ಸೆಂದು ಚಿಮ್ಮಿ ನನ್ನ ಸೀರೆಯ ಅಂಚಿಗೆ ಹತ್ತಿತು. ಮಳೆಗಾಲ ಕಳೆದು ಎಷ್ಟೋ ಕಾಲವಾಗಿತ್ತು, ಆ ನೀರು ಬಿಸಿಯಿತ್ತು. ನಮ್ಮ ಬೋರಿಗಿಳಿದು ನೆಲದೊಳಗೇ ತಗ್ಗಿನ ಕಾಲೊನಿಯ ಬೋರು ಸೇರಿದ್ದು ಇದೇ. ದೇವರೇ, ಇದನ್ನೇ ಆ ಮಗು ಕುಡಿಯಿತೇ!

ಕಾಂತರಾಜು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದರು.

"ಸುಮ್ಕಿರು ಕಣೆ. ಮಳೆ ನೀರು ಅಂತಾನೇ ಕೊಟ್ಟಿದ್ದು. ಯುಗಾದೀಲಿ ವಾಸ್ನೆ ಬಂದಾಗ್ಲೇ ನಂಗೊತ್ತಾಯ್ತು. ಕುಮಾರನ ಕೆಲ್ಸ ಓಯ್ತದೆ ಅಂತ..."

ಯುಗಾದಿಯಲ್ಲಿ. ಇವರಿಗೆ ಗೊತ್ತಿತ್ತು. ದಿವ್ಯಾಳನ್ನು ಆಸ್ಪತ್ರೆಗೆ ಒಯ್ದ ದಿನ ಆಟೋ ಕರೆಸಿದ್ದೂ ಇವರೇ.

ಸಾಹೇಬರು ಬಾಟಲಿಗೆ ನೀರು ತುಂಬಿಸಿಕೊಂಡು, ಫ್ಯಾಕ್ಟರಿಯ ಮೇಲಷ್ಟೇ ಅಲ್ಲ, ತಿಳಿದೂ ಬೋರು ಬಿಟ್ಟುಕೊಟ್ಟವರ ಮೇಲೂ ಕೇಸು ಆಗುತ್ತದೆ ಎಂದರು. ಜಮೀನು ಯಾರದು ಎಂದು ಕೇಳಿದರು. ಊರು ಊರೇ ನೆಲ ನೋಡಿತು. ಎದುರಿಗೇ ಇದ್ದ ಪಾಪಯ್ಯನನ್ನು ಸಾಹೇಬರು ಮತ್ತೆ ಕೇಳಿದರು. ಹುಟ್ಟಿದಾಗಿನಿಂದ ಆ ಹೊಲದಲ್ಲಿ ಗೇದವನು ಅವನು. ಒಮ್ಮೆ ನನ್ನ ಗಂಡನ ಕಡೆ ನೋಡಿ, ಹೆಗಲ ಮೇಲಿನ ಟವಲು ತೆಗೆದು ಕಂಕುಳಿಗೆ ಇಟ್ಟುಕೊಂಡ.

"ನಂಗೊತ್ತಿಲ್ಲ ಸಾ."

ಮೊಮ್ಮಗಳು ಆಸ್ಪತ್ರೆಯಲ್ಲಿದ್ದಾಗಲೂ ಅವನ ಬಾಯಲ್ಲಿ ಬಂದದ್ದು ಅಷ್ಟೇ. ಅಶೋಕ ಅಪ್ಪನ ಮುಖವನ್ನೇ ನೋಡುತ್ತಾ ನಿಂತ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ನಮ್ದು ಸಾ," ಎಂದೆ. "ಪೂಜೆ ಮಾಡ್ದೋಳು ನಾನು. ಗೊತ್ತಿದ್ದೂ ಬಾಯ್ಮುಚ್ಕೊಂಡಿದ್ದೋರು ಇವ್ರು. ಬರ್ಕೊಳಿ."

ಹೇಳಿ, ಊರಿನೆದುರು ಗಂಡನ ಕೊರಳಪಟ್ಟಿಗೆ ಕೈ ಹಾಕಿದೆ. ಪಾಪಯ್ಯ ಎದುರಿಗೆ ಬಂದು ಕೈಮುಗಿದು ನಿಂತ.

"ಬುಡಿ ಅವ್ವಾರೆ, ಗೌಡ್ರು ಅವ್ರು."

ನಾನು ಬಿಡಲಿಲ್ಲ.