ನಾಲ್ಕಕ್ಷರದ ಹೆಸರು

"ಅ" ಎಂದಳು ಟೈಲರಮ್ಮ. ಅದು ಸಲೀಸಾಗಿ ಬಂತು. ಮುಂದಿನ ಅಕ್ಷರಕ್ಕೆ ಕೆಳತುಟಿ ಅದುರಿ ನಿಂತುಬಿಟ್ಟಿತು.

ಮಾತು ಕಲಿಸುವ ಹುಡುಗಿ ಮೇಜಿನ ಮೇಲೆ ಬೆರಳು ತಟ್ಟುತ್ತ ಬಿಡಿಬಿಡಿಯಾಗಿ ಹೇಳಿದಳು: "ಅ... ಫೇ... ಸಿ... ಯ. ತುಟಿನ ಹಲ್ಲಿಗೆ ತಾಗಿಸಿ ಗಾಳಿ ಬಿಡಿ ಆಂಟಿ. ಬಿಸಿ ಟೀ ಊದೋ ಹಾಗಲ್ಲ, ಮೆಲ್ಲಗೆ."

ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಹೇಗೋ ಚೇತರಿಸಿಕೊಂಡಿತ್ತು, ಮಾತು ಮರಳಿರಲಿಲ್ಲ. ತಲೆಯೊಳಗೆ ಸ್ಪಷ್ಟವಾಗಿದ್ದದ್ದು ಬಾಯಿಗೆ ಬರುವಷ್ಟರಲ್ಲಿ ಪುಡಿಪುಡಿ. ಅಳತೆ ಕೊಡಲು ಬಂದವರನ್ನೆಲ್ಲ ನಗಿಸಿ ಕಳಿಸುತ್ತಿದ್ದವಳು ಈಗ ಯಾರಾದರೂ ಬಂದರೆ ಗಂಡನ ಬೆನ್ನ ಹಿಂದೆ ನಿಲ್ಲುತ್ತಿದ್ದಳು.

"ಮೊದಲು ನೀರು, ಊಟ ಅನ್ನೋದು ಕಲಿಸಮ್ಮ. ರೋಗದ ಹೆಸರು ಕಟ್ಕೊಂಡು ಏನಾಗ್ಬೇಕು?" ಎಂದ ಗಂಡ.

"ನಾನೂ ಅದನ್ನೇ ಹೇಳ್ದೆ ಅಂಕಲ್. ಇವರು ಕೇಳ್ಬೇಕಲ್ಲ! ಅದು ಗ್ರೀಕ್ ಮಾತು. ನ್ಯಾಯಕ್ಕೆ ಮೊದಲು 'ಅ' ಹಾಕಿದ್ರೆ ಅನ್ಯಾಯ ಆಗಲ್ವಾ, ಹಂಗೇ. ಮಾತಿಲ್ಲ ಅಂತ ಅರ್ಥ."

"ಮಾತಿಲ್ಲ ಅನ್ನೋಕೆ ಇಂಥ ನಾಲಿಗೆ ತಿರುಗದ ಮಾತು ಬೇಕಿತ್ತಾ?"

ಟೈಲರಮ್ಮ ನಗಲಿಲ್ಲ. ಕಳೆದ ವಾರ ಒಬ್ಬಳೇ ಗುಂಡಿ ಕೊಳ್ಳಲು ಹೋಗಿದ್ದಳು. ಅಂಗಡಿಗೆ ಹೊಸದಾಗಿ ಸೇರಿದವನು ಅವಳ ತೊದಲು ಕೇಳಿ, "ಹಗಲಲ್ಲೇ ಹಾಕ್ಕೊಂಡು ಬಂದಿದಾರೆ" ಎಂದು ಪಕ್ಕದವನಿಗೆ ಕಣ್ಣು ಹೊಡೆದಿದ್ದ. ಅದನ್ನು ಗಂಡನಿಗೆ ಹೇಳಿಕೊಳ್ಳಲೂ ಅವಳಲ್ಲಿ ಮಾತಿರಲಿಲ್ಲ. ಅವಳು ಹುಡುಗಿಯ ಬೆರಳನ್ನೇ ಹಿಡಿದು ಮತ್ತೆ ಮೇಜಿಗೆ ತಟ್ಟಿಸಿದಳು.

ಆಸ್ಪತ್ರೆಯಿಂದ ಹೊರಗೆ ಬಂದವಳು ಮನೆಯ ದಾರಿ ಹಿಡಿಯಲಿಲ್ಲ. ಗಂಡನ ತೋಳು ಹಿಡಿದು ಗುಂಡಿಯಂಗಡಿಗೆ ಎಳೆದುಕೊಂಡು ಹೋದಳು.

ಕಟ್ಟೆಯಾಚೆ ಅದೇ ಹೊಸಬನಿದ್ದ; ಅವನಿಗೆ ಗುರುತು ಸಿಕ್ಕಿತು. ಅವಳನ್ನು ಬಿಟ್ಟು ಗಂಡನನ್ನು ಕೇಳಿದ: "ಏನಾಗಿದೆ ಸಾರ್ ಇವರಿಗೆ?"

ಗಂಡ ಬಾಯಿ ತೆರೆದ. ಟೈಲರಮ್ಮ ಅವನ ಮೊಣಕೈ ಒತ್ತಿದಳು.

"ಅ... ಪೇ... ಸಿ... ಯ."

"ಅದ್ಯಾವೂರಮ್ಮ?"

ಗಂಡನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿ. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಕಣ್ಣೊರೆಸಿಕೊಂಡು, ಗಾಜಿನ ಕಟ್ಟೆಗೆ ಕೈಯೂರಿ, ಉಸಿರೆಳೆದುಕೊಂಡಳು.

"ಅಫೇಸಿಯ. ಕುಡಿ... ದಿಲ್ಲ."

ಗಂಡ ತಿರುಗಿ ನೋಡಿದ. "ಯಾರು ಹಂಗಂದೋರು?"

ಅವಳು ಗುಂಡಿಗಳ ಕಡೆ ಬೆರಳು ತೋರಿಸಿದಳು. ಹೊಸಬನ ಮುಖ ಕೆಂಪೇರಿತ್ತು. ಅವನು ಕೈಚಾಚಿ ಹಾಡುತ್ತಿದ್ದ ರೇಡಿಯೊ ಆರಿಸಿದ. ಗುಂಡಿಗಳ ತಟ್ಟೆಯನ್ನು ಈಚೆ ತೆಗೆದು ಗಂಡನ ಮುಂದಿಟ್ಟವನು, ಒಂದು ಕ್ಷಣ ತಡೆದು, ಅದನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ.